ಬಸ್ಸು ದಯಮಾಡಿಸಲಿದೆ

ಯುದ್ಧದ ಕಾಲ. ಪೆಟ್ರೋಲ್ ಸಿಗದೆ ನಮ್ಮ ಕಡೆಯ ಬಸ್ಸುಗಳೆಲ್ಲ ಬೆನ್ನಿಗೊಂದು ಇದ್ದಿಲೊಲೆ ಕಟ್ಟಿಕೊಂಡು ಓಡಾಡುತ್ತಿದ್ದವು. ಓಡಾಡುತ್ತಿದ್ದವು ಎನ್ನುವುದೂ ದೊಡ್ಡ ಮಾತೇ. ಏರು ಬಂದಲ್ಲಿ ಗಂಡಸರು ಇಳಿದು ತಳ್ಳುತ್ತಿದ್ದರು, ಹೆಂಗಸರು ಮಕ್ಕಳನ್ನೆತ್ತಿಕೊಂಡು ಹಿಂದೆ ನಡೆದು ಬರುತ್ತಿದ್ದರು. ಹಾಗಿದ್ದೂ ಕೊಟ್ಟಿಗೆಹಾರದ ಹೋಟೆಲಿನ ಗೋಡೆಗೆ ಅಂಟಿಸಿದ್ದ ಗುಲಾಬಿ ಬಣ್ಣದ ಕಾಗದದಲ್ಲಿ ಹೀಗೆ ಅಚ್ಚಾಗಿತ್ತು: "ವಾಯುವೇಗ! ಹಂಸತೂಲಿಕಾತಲ್ಪದಂಥ ಆಸನಗಳು! ಮಹಾಜನರು ನಮ್ಮ ಬಸ್ಸನ್ನು ತಮ್ಮ ತವರುಮನೆಯೆಂದೇ ಭಾವಿಸಬೇಕಾಗಿ ಪ್ರಾರ್ಥನೆ."

ಈ ತವರುಮನೆಯ ಮಾತು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನನಗೆ ತವರೆಂದರೆ ಅಕ್ಕ ಒಬ್ಬಳೇ. ಚಳಿಜ್ವರದಲ್ಲಿ ಅಪ್ಪ ಅಮ್ಮ ಇಬ್ಬರೂ ಒಬ್ಬರ ಹಿಂದೊಬ್ಬರು ಹೋದಾಗ ನಾನಿನ್ನೂ ಲಂಗ ಉಡುವ ಹುಡುಗಿ. ಅಕ್ಕನೇ ಮೂಡಿಗೆರೆಯ ತನ್ನ ಮನೆಗೆ ಕರೆದೊಯ್ದು ಸಾಕಿದಳು, ಜಾವಳಿ ಹತ್ತಿರದ ತೋಟವೊಂದರಲ್ಲಿ ರೈಟರಾಗಿ ಲೆಕ್ಕ ಬರೆಯುತ್ತಿದ್ದವರಿಗೆ ಕೊಟ್ಟು ಮದುವೆ ಮಾಡಿದಳು. ಹಬ್ಬಕ್ಕೆ, ಬಾಣಂತನಕ್ಕೆ, ಸುಮ್ಮನೆ ಬೇಜಾರಾದರೂ ನಾನು ಹೋಗುತ್ತಿದ್ದುದು ಅವಳ ಮನೆಗೇ.

ಭಾವ ಮೂಡಿಗೆರೆಯಲ್ಲಿ ಒಂದು ಜವಳಿ ಅಂಗಡಿಯಲ್ಲಿದ್ದರು. ಯುದ್ಧ ಶುರುವಾದ ಮೇಲೆ ಬಟ್ಟೆ ಬರುವುದು ನಿಂತು ಅಂಗಡಿ ಮುಚ್ಚಿತು. ಬೊಂಬಾಯಿಯಲ್ಲಿ ಅವರ ದಾಯಾದಿಯೊಬ್ಬರ ಊಟದ ಹೋಟೆಲಿತ್ತು. ಸಂಸಾರ ಸಮೇತ ಬನ್ನಿ ಎಂದರಂತೆ. ಅಕ್ಕ ಹೇಳಿ ಕಳಿಸಿದಳು: ಹೊರಡುವ ದಿನ ಮಂಗಳೂರಿನ ಬಸ್ಸು ಕೊಟ್ಟಿಗೆಹಾರದಲ್ಲಿ ನಿಂತು ಘಾಟಿ ಇಳಿಯುತ್ತದೆ, ಅಲ್ಲಿಗೆ ಬಾ, ಮುಖ ನೋಡಿಕೊಂಡು ಹೋಗುತ್ತೇನೆ.

ಅದು ಕಾಫಿ ಕೊಯ್ಲು ಮುಗಿಯುವ ಹೊತ್ತು. ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಬೀಜ ಹೇರಿಕೊಂಡು ತೋಟದ ಗಾಡಿಗಳು ಕೊಟ್ಟಿಗೆಹಾರದ ಮೇಲೆ ಮಂಗಳೂರಿಗೆ ಇಳಿಯುತ್ತಿದ್ದವು. ಅಂಥ ಒಂದು ಗಾಡಿಯ ಮೂಟೆಗಳ ಮೇಲೆ ಕೂತು, ತೊಡೆಯ ಮೇಲೆ ಕಿತ್ತಳೆ ಬುಟ್ಟಿ, ಕೈಯಲ್ಲಿ ಕಳಲೆ ಉಪ್ಪಿನಕಾಯಿಯ ಭರಣಿ ಹಿಡಿದುಕೊಂಡು ಬಂದೆ. ಬಿಸಿಲೇರುವ ಮೊದಲೇ ತಲುಪಿದೆ. ಬಸ್ಸಿರಲಿಲ್ಲ.

ಬಸ್ಸಿನ ಏಜೆಂಟರು ಇದ್ದರು. ಬಡಕಲು ಮೈಗೆ ಯಾರದೋ ದೊಡ್ಡ ಕೋಟು, ಕೈಯಲ್ಲಿ ತಗಡಿನ ಕಹಳೆ. ಸ್ವಲ್ಪ ಹೊತ್ತಿಗೊಮ್ಮೆ ಸೀಮೆಎಣ್ಣೆ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಅದನ್ನು ಬಾಯಿಗಿಟ್ಟು ಕೂಗುತ್ತಿದ್ದರು.

"ಪ್ರಯಾಣಿಕ ಮಹಾಶಯರ ಗಮನಕ್ಕೆ! ಇನ್ನು ಸ್ವಲ್ಪವೇ ಸಮಯದಲ್ಲಿ ನಮ್ಮ ಬಸ್ಸು ಇಲ್ಲಿಗೆ ದಯಮಾಡಿಸಲಿದೆ! ಅಲ್ಪ ವಿಳಂಬವನ್ನು ಮನ್ನಿಸಬೇಕಾಗಿ ಪ್ರಾರ್ಥನೆ!"

ಮೂಟೆಗೊರಗಿ ಕೂತಿದ್ದ ಮುದುಕರೊಬ್ಬರು ಎಲೆಯಡಿಕೆ ಉಗಿದು, "ದಯಮಾಡಿಸೋಕೆ ಅದೇನು ಮಠದ ಸ್ವಾಮಿಗಳೇನೋ ಮಾರಾಯ?" ಎಂದರು. ಎಲ್ಲರೂ ನಕ್ಕರು. ಮೊದಲ ಸಲ ನಾನೂ ನಕ್ಕೆ.

ಬಿಸಿಲು ನೆತ್ತಿಗೆ ಬಂತು. ಬಸ್ಸು ದಯಮಾಡಿಸಲಿಲ್ಲ. ಸ್ವಲ್ಪವೇ ಸಮಯ, ಅಲ್ಪ ವಿಳಂಬ ಎಂಬ ಅದೇ ಮಾತುಗಳು ಅದೇ ರಾಗದಲ್ಲಿ ಬರುತ್ತಲೇ ಇದ್ದವು. ಬಸ್ಸು ಮೂಡಿಗೆರೆಯಿಂದ ಹೊರಟೇ ಇಲ್ಲವೇನೋ, ದಾರಿಯಲ್ಲಿ ಕೆಟ್ಟಿದೆಯೇನೋ, ಅಕ್ಕ ಬೇರೆ ಯಾವುದಾದರೂ ಲಾರಿಯಲ್ಲಿ ನನಗಿಂತ ಮೊದಲೇ ಘಾಟಿ ಇಳಿದುಬಿಟ್ಟಳೇನೋ ಎಂದು ನನ್ನ ಜೀವ ಹಾರುತ್ತಿತ್ತು. ಏಜೆಂಟರು ಮತ್ತೆ ಪೆಟ್ಟಿಗೆ ಹತ್ತಿ, "ನಮ್ಮ ಬಸ್ಸನ್ನು ತಮ್ಮ ತವರುಮನೆಯೆಂದೇ" ಎಂದು ಶುರುಮಾಡಿದಾಗ ತಡೆಯಲಾಗಲಿಲ್ಲ.

"ಸಾಕು ಮಾಡಿ! ಬಸ್ಸು ಬರತ್ತೋ ಇಲ್ವೋ, ಅದೊಂದು ಹೇಳಿ. ನನ್ನ ತವರು ಆ ಬಸ್ಸಲ್ಲಿ ಊರು ಬಿಟ್ಟು ಹೋಗ್ತಿದೆ."

ಅಷ್ಟು ಜನರೆದುರು ಹಾಗೆ ಕೂಗಿದೆನಲ್ಲ ಎಂದು ನನಗೇ ಅಳು ಬಂತು. ಏಜೆಂಟರು ಪೆಟ್ಟಿಗೆಯಿಂದ ಇಳಿದು ಬಂದರು. ಕಹಳೆಯಿಲ್ಲದ ಅವರ ದನಿ ತೀರಾ ಸಣ್ಣದಾಗಿತ್ತು.

"ನಂಗೂ ಗೊತ್ತಿಲ್ಲ ತಾಯಿ. ಕೇಳೋಣಾಂದ್ರೆ ಯಾರಿದಾರೆ? ಇದೆಲ್ಲಾ ಧಣಿಗಳು ಕೂತು ಬರ್ದಿದ್ದು. ಒಂದು ಮಾತೂ ಬಿಡಬಾರದು ಅಂತ ಅಪ್ಪಣೆ. ಯಾರು, ಅಮ್ಮನಾ ಹೋಗ್ತಿರೋದು?"

"ಅಕ್ಕ. ಬೊಂಬಾಯಿಗೆ."

ಅವರು ಹೋಟೆಲಿನಿಂದ ಒಂದು ಲೋಟ ಮಜ್ಜಿಗೆ ತರಿಸಿಕೊಟ್ಟು, ನೆರಳಿಗೆ ಕೂರಲು ಹೇಳಿದರು.

ಬಿಸಿಲು ಇಳಿಮುಖವಾದ ಮೇಲೆ, ಕಪ್ಪು ಹೊಗೆ ಕಾರುತ್ತ ಬಸ್ಸು ಬಂತು. ಹಿಂದಿನ ಕಿಟಕಿಯಲ್ಲಿ ಅಕ್ಕನ ಮುಖ ಇದ್ದಿಲ ಮಸಿ ಹಿಡಿದು ಕಪ್ಪಾಗಿತ್ತು. ಪಕ್ಕದಲ್ಲಿ ಭಾವ ಗಂಟುಮೂಟೆ ಹಿಡಿದು ಕೂತಿದ್ದರು. ನಾನು ಓಡಿದೆ. ಅಷ್ಟರಲ್ಲಿ ಡ್ರೈವರ್ ತಲೆ ಹೊರಹಾಕಿ ಗದರಿದ: "ಯಾರೂ ಇಳೀಬೇಡಿ! ಕತ್ತಲಾಗೋಕ್ ಮುಂಚೆ ಘಾಟಿ ಇಳೀಬೇಕು. ಇದ್ದಿಲು ಹಾಕ್ಕೊಂಡು ಈಗ್ಲೇ ಹೊರಡೋದು!"

ಕಿಟಕಿಯ ಸರಳಿನ ಮೂಲಕ ಅಕ್ಕನ ಬೆರಳುಗಳನ್ನು ಹಿಡಿದುಕೊಂಡೆ. ಆಗ ಹಿಂದಿನಿಂದ ಏಜೆಂಟರ ದನಿ ಕೇಳಿತು.

"ಪ್ರಕಟಣೆ ಆಗದೆ ಬಸ್ ಬಿಡೋ ಹಾಗಿಲ್ಲ. ಧಣಿಗಳ ಅಪ್ಪಣೆ. ನೀವು ಇಳೀರಮ್ಮ."

ಪೆಟ್ಟಿಗೆ ಹತ್ತಿದರು. ಗೋಡೆಯ ಕಾಗದದಲ್ಲಿದ್ದುದನ್ನೆಲ್ಲ ಮೊದಲಿನಿಂದ ಶುರುಮಾಡಿದರು. ವಾಯುವೇಗ, ಹಂಸತೂಲಿಕಾತಲ್ಪ, ಡ್ರೈವರ್ ಮಹಾಶಯರ ಚಾಕಚಕ್ಯತೆ, ಯಾವುದನ್ನೂ ಬಿಡಲಿಲ್ಲ. ಒಂದೊಂದು ಮಾತನ್ನೂ ಎಳೆದೆಳೆದು, ನಡುವೆ ಕೆಮ್ಮಿ, ನೀರು ಕುಡಿದು ಹೇಳಿದರು.

ಅಕ್ಕ ಇಳಿದಳು. ನನ್ನನ್ನು ತಬ್ಬಿಕೊಳ್ಳಲಿಲ್ಲ. ತಲೆ ನೋಡಿ, "ಏನೇ ಇದು, ಧೂಳು ಹಿಡ್ದು ಕೂದ್ಲು ಹಕ್ಕಿಗೂಡಾಗಿದೆ" ಎಂದವಳೇ ಹೋಟೆಲಿನ ಜಗಲಿಯ ಮೇಲೆ ಕೂರಿಸಿ ಜಡೆ ಬಿಚ್ಚಿದಳು.

"ಹೋಗ್ಬೇಡ ಅಕ್ಕ."

"ಅಂಗಡಿ ಮುಚ್ತಲ್ಲೇ. ಇಲ್ಲಿ ಕೂತು ಏನು ಮಾಡೋದು? ಅಲ್ಲಾದ್ರೆ ಹೊಟ್ಟೆಗೆ ದಾರಿಯಿದೆ."

"ನಾನು ಇನ್ಯಾರ ಮನೆಗೆ ಹೋಗ್ಲಿ?"

ಅವಳು ಕೂದಲನ್ನು ಮೂರೆಳೆ ಮಾಡಿ ಹೆಣೆಯತೊಡಗಿದಳು. "ಅಳ್ಬೇಡ. ತಲೆ ಅಲ್ಲಾಡತ್ತೆ" ಎಂದಳು. ನಾನು ಹಿಂದಿರುಗಿ ನೋಡಲಿಲ್ಲ. ಅವಳೂ ಅಳುತ್ತಿದ್ದಾಳೆಂದು ಅವಳ ಉಸಿರಿನಿಂದಲೇ ತಿಳಿಯುತ್ತಿತ್ತು.

ಡ್ರೈವರ್ ಹಾರನ್ ಒತ್ತಿದ. "ಮುಗೀತಾ ನಿಮ್ಮ ಪುರಾಣ?"

"ಕನ್ನಡದ್ದು ಮುಗೀತು," ಎಂದರು ಏಜೆಂಟರು. "ಘಟ್ಟದ ಕೆಳಗಿನೋರಿಗೆ ತುಳುನಲ್ಲಿ ಹೇಳೋದು ಬೇಡವಾ?"

ತುಳುವಿನಲ್ಲೂ ಹೇಳಿದರು. ಬಸ್ಸಿನೊಳಗೆ ಕೆಲವರು ಗೊಣಗಿದರು, ಕೆಲವರು ಏಜೆಂಟರ ಉಪಾಯ ಅರ್ಥಮಾಡಿಕೊಂಡು ಸುಮ್ಮನೆ ಕೂತರು. ಅಕ್ಕ ಜಡೆ ಮುಗಿಸಿ, ತನ್ನ ಕೂದಲಿನ ರಿಬ್ಬನ್ನನ್ನೇ ತೆಗೆದು ತುದಿಗೆ ಕಟ್ಟಿದಳು. ಕಿತ್ತಳೆ ಬುಟ್ಟಿ, ಭರಣಿ ಒಳಗೆ ಹೋದವು. ಬಸ್ಸು ಚಾರ್ಮಾಡಿ ಘಾಟಿಯ ಕಡೆಗೆ ತಿರುಗಿ ಮರೆಯಾದ ಮೇಲೂ ಹೊಗೆಯ ವಾಸನೆ ಬಹಳ ಹೊತ್ತು ರಸ್ತೆಯ ಮೇಲೆ ನಿಂತಿತ್ತು.

ಆಮೇಲೆ ಪಾರ್ಚ್‌ಮೆಂಟ್ ಗಾಡಿ ಹೊರಟಾಗಲೆಲ್ಲ ಏನಾದರೊಂದು ನೆಪ ಹೇಳಿ ಕೊಟ್ಟಿಗೆಹಾರಕ್ಕೆ ಬರುತ್ತಿದ್ದೆ. ಕೆಳಗಿನಿಂದ ಬರುವ ಬಸ್ಸಿನ ಕಿಟಕಿಗಳನ್ನೆಲ್ಲ ನೋಡುತ್ತಿದ್ದೆ. ಏಜೆಂಟರು, "ಅಕ್ಕ ಹ್ಯಾಗಿದಾರಂತೆ ತಾಯಿ?" ಎಂದು ಕೇಳುತ್ತಿದ್ದರು. "ಚೆನ್ನಾಗಿದಾಳಂತೆ" ಎನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.

ಯುದ್ಧ ಮುಗಿದ ಮೇಲೆ ಅಕ್ಕ ಒಮ್ಮೆ ನಮ್ಮ ಮನೆಗೆ ಬಂದಳು. ಕೆಲವೇ ದಿನ ಇದ್ದಳು. ನಾನು ಕಡುಬು ಬೇಯಿಸಿ, ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ. ಅವಳು ಉಂಡವಳೇ ಚಾಪೆಯ ಮೇಲೆ ಒರಗಿ ನಿದ್ದೆಹೋದಳು. ಎದ್ದು ಉಂಡು ಮತ್ತೆ ಮಲಗಿದಳು. "ಅಲ್ಲಿ ಇಂಥ ಸದ್ದಿಲ್ಲದ ಜಾಗ ಸಿಗಲ್ಲ ಕಣೇ" ಎಂದಳು. ಹೋಟೆಲಿನ ರಾಶಿ ಪಾತ್ರೆ ತಿಕ್ಕಿ ಅವಳ ಅಂಗೈ ಒಡೆದಿತ್ತು. ಮಧ್ಯಾಹ್ನವಿಡೀ ಪಕ್ಕದಲ್ಲಿ ಕೂತು ನೊಣ ಓಡಿಸುತ್ತಿದ್ದೆ. ಎಬ್ಬಿಸಿ ಮಾತಾಡಿಸಬೇಕೆಂದು ಎಷ್ಟೋ ಸಲ ಕೈ ಮುಂದೆ ಹೋಯಿತು. ಎಬ್ಬಿಸಲಿಲ್ಲ.