ಪಾಲಿನಲ್ಲಿ ಅರ್ಧ ನೀರು

ಮೊನ್ನೆ ಬುಧವಾರ ಬೆಳಿಗ್ಗೆ ಎಂಟೂಕಾಲಿಗೆ ನನ್ನ ಹೆಂಡತಿ ಹಾಲಿನವಳ ಜೊತೆ ಜಗಳವಾಡಿದಳು. ಎಂಟು ಇಪ್ಪತ್ತಕ್ಕೆ, ಇಬ್ಬರು ಅಣ್ಣತಮ್ಮಂದಿರ ನಡುವೆ ಮೂರು ತಿಂಗಳು ಹೆಣಗಿ ಆಗಿದ್ದ ರಾಜಿ ಮುರಿದುಬಿತ್ತು.

ಹೇಗೆ ಎನ್ನುತ್ತೀರಾ? ಡೈರಿಯಲ್ಲಿದೆ, ಹೇಳುತ್ತೇನೆ.

ನಾನು ಬಂಗಾರಪೇಟೆಯಲ್ಲಿ ಪತ್ರ ಬರೆಯುವ ಹಿರಿಯರೊಬ್ಬರ ಬಳಿ ಕೆಲಸಕ್ಕಿದ್ದೇನೆ. ಕ್ರಯಪತ್ರ, ಭೋಗ್ಯಪತ್ರ, ಆಸ್ತಿ ಪಾಲು ಮಾಡುವ ವಿಭಾಗಪತ್ರ. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಹೋದ ವಾರ ಅವರ ಆಫೀಸಿನ ಹೆಂಚು ಇಳಿಸಿ ರಿಪೇರಿ ಹಿಡಿದರು. ಒಂದು ವಾರ ಮನೆಯಲ್ಲೇ ಕೂತು ಬರಿ ಎಂದು ಛಾಪಾ ಕಾಗದ ಕೈಗಿಟ್ಟರು. ಜೊತೆಗೆ, ಮೊಟ್ಟಮೊದಲ ಸಲ, ಒಂದು ಇಡೀ ವಿಭಾಗಪತ್ರವನ್ನು ನನಗೇ ಒಪ್ಪಿಸಿದರು. ಇದು ಸರಿಹೋದರೆ ಇನ್ನು ಮುಂದೆ ಸ್ವತಂತ್ರವಾಗಿ ಬರೆಯಬಹುದು. ಕೆಟ್ಟರೆ ಜೀವನಪರ್ಯಂತ ನಕಲು ಬರೆಯುವುದೇ ಗತಿ.

ನಮ್ಮ ಆಂಡರ್ಸನ್‌ಪೇಟೆಯ ಬೀದಿಯಲ್ಲಿ ಹಗಲು ಹೊತ್ತು ಮನೆಯಲ್ಲಿರುವ ಗಂಡಸು ಎಂದರೆ ಒಂದೇ ಅರ್ಥ: ಚಿನ್ನದ ಗಣಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದಾನೆ. ಪಕ್ಕದ ಮನೆಯಾಕೆ ತನ್ನ ಮಕ್ಕಳನ್ನು ತಮಿಳಿನಲ್ಲಿ ಗದರಿ ಸುಮ್ಮನಿರಿಸಿದಳು. ಬೀದಿಯೆಲ್ಲ ನಿಶ್ಶಬ್ದ. ಗಲಾಟೆ ಇದ್ದದ್ದು ನಮ್ಮ ಮನೆಯೊಳಗೆ ಮಾತ್ರ.

ಸೋಮವಾರದ ಲೆಕ್ಕ ನೋಡಿ. ಬರೆದದ್ದು ಒಂದೂವರೆ ಪುಟ. ಎದ್ದದ್ದು ಹತ್ತೊಂಬತ್ತು ಸಲ. ಅಟ್ಟದಿಂದ ಡಬ್ಬ ಇಳಿಸಲು ನಾಲ್ಕು. ಅದೇ ಡಬ್ಬ ಮೇಲಿಡಲು ನಾಲ್ಕು. ಬೆಕ್ಕು ಓಡಿಸಲು ಮೂರು. ಮಿಕ್ಕ ಎಂಟು ಸಲವೂ ಅಮ್ಮನಿಗಾಗಿ. ನಾನು ಬರೆಯುತ್ತಿದ್ದೇನೋ, ಸುಮ್ಮನೆ ಕೂತಿದ್ದೇನೋ ಎಂದು ಆಕೆ ಒಳಗಿನಿಂದ ಕೇಳುವುದು, ನಾನು ಎದ್ದು ಹೋಗಿ ಬರೆಯುತ್ತಿದ್ದೇನೆ ಎಂದು ಹೇಳಿಬರುವುದು.

ಬುಧವಾರ ಬೆಳಿಗ್ಗೆ ಪಾಲಾಗಬೇಕಿದ್ದ ಅಣ್ಣತಮ್ಮಂದಿರೇ ಮನೆಗೆ ಬಂದರು. ಕಾಮಸಮುದ್ರದ ಕಡೆಯವರು. ಅಣ್ಣ ಮುನಿಶಾಮಪ್ಪ, ತಮ್ಮ ಪಿಳ್ಳಪ್ಪ. ಪತ್ರವನ್ನು ಓದಿಸಿ ಕೇಳುವುದು, ಮಾರನೇ ದಿನ ರಿಜಿಸ್ಟ್ರಿ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತುವುದು, ಇಷ್ಟೇ ಬಾಕಿ. ಅಣ್ಣನಿಗೆ ಬಂದದ್ದು ಕೆರೆ ಪಕ್ಕದ ಹೊಲ. ಕೆರೆ ತುಂಬಿದರೆ ಅದು ಮುಳುಗೀತು ಎಂಬ ಸಂಶಯ ಆತನಿಗೆ ಇದ್ದೇ ಇತ್ತು. ಜಗಲಿಯಲ್ಲಿ ಕೂರಿಸಿ, ಕನ್ನಡಕ ಒರೆಸಿ, ‘ಅಣ್ಣನ ಪಾಲಿಗೆ...’ ಎಂದು ಶುರುಮಾಡಿದೆ.

ಅಷ್ಟರಲ್ಲಿ ಹಿತ್ತಿಲ ಬಾಗಿಲಿಗೆ ಹಾಲಿನ ಗಂಗಮ್ಮ ಬಂದಳು (ಹೆಸರಿಗೆ ತಕ್ಕ ಹಾಲು). ನನ್ನ ಹೆಂಡತಿ ಸರೋಜ ಕುಪ್ಪಂ ಕಡೆಯವಳು. ಮದುವೆಯಾಗಿ ಏಳು ತಿಂಗಳು. ಅಷ್ಟರಲ್ಲಿ ಎಷ್ಟೋ ಕನ್ನಡ ಕಲಿತಿದ್ದಾಳೆ, ಆದರೆ ಕೋಪ ಬಂದರೆ ಹಾಲು ತೆಲುಗಿನ ಪಾಲೇ ಆಗುತ್ತದೆ, ನೀರು ನೀಳ್ಳೇ, ಒಳ್ಳೆಯದು ಮಂಚಿಯೇ.

‘ಪಕ್ಕದೋರಿಗೆ ಮಂಚಿ ಪಾಲು, ನಮಗೆ ನೀಳ್ಳ ಪಾಲು. ಕೇಳೋರಿಲ್ಲ ಅಂತಲಾ? ಈ ಪಾಲು ನಮಗೆ ಬೇಡವೇ ಬೇಡ.’

ಮುನಿಶಾಮಪ್ಪ ಎದ್ದು ನಿಂತ.

‘ಕೇಳಿಸ್ಕೊಂಡೇನ್ಲಾ ಪಿಳ್ಳಪ್ಪ? ಒಳಗಿರೋ ಎಣ್ಣುಮಗಳಿಗೂ ಗೊತ್ತೈತೆ, ನಂದು ನೀರುಪಾಲು ಅಂತ. ನಾನು ಎಬ್ಬೆಟ್ಟು ಒತ್ತಾಕಿಲ್ಲ.’

‘ಅಣ್ಣೋ, ಆಯಮ್ಮ ಏಳಿದ್ದು ಆಲು ಕಣಣ್ಣೋ.’

‘ಆಲೋ ಪಾಲೋ, ನೀರಂತೂ ಐತಲ್ಲ.’

ಆ ಕಡೆಯವರಿಗೆ ತೆಲುಗಿನ ಪಾಲು ತಿಳಿಯದೇ? ಚೆನ್ನಾಗಿ ತಿಳಿಯುತ್ತದೆ. ಆದರೆ ಆಸ್ತಿ ಹಂಚುವ ದಿನ ಯಾರ ಕಿವಿಗೆ ಹಾಲು ಕೇಳಿಸುತ್ತದೆ, ನೀವೇ ಹೇಳಿ.

ಆಗ ಸರೋಜ ಚೊಂಬು ಹಿಡಿದು ಹೊರಗೇ ಬಂದಳು. ಹಿರಿಯರು, ಹಸು ಕಟ್ಟಿದವರು, ನೀವೇ ನೋಡಿ ಹೇಳಿ ಎಂದು ಅವರ ಮುಂದಿಟ್ಟಳು. ಮುನಿಶಾಮಪ್ಪ ಬೆರಳದ್ದಿ ಹೆಬ್ಬೆರಳ ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟ. ತೊಟ್ಟು ನಿಲ್ಲಲಿಲ್ಲ, ಮೊಣಕೈವರೆಗೆ ಓಡಿತು.

‘ಇದು ಆಲಲ್ಲ ಕಣಮ್ಮ. ಆಲಿನ ಚೊಂಬು ತೊಳೆದ ನೀರು.’

ಪಿಳ್ಳಪ್ಪನೂ ಬೆರಳದ್ದಿ ಅಣ್ಣ ಹೇಳಿದ್ದೇ ಸರಿ ಎಂದ. ಇಬ್ಬರೂ ಸೇರಿ ಗಂಗಮ್ಮನನ್ನು ಜಗಲಿಗೆ ಕರೆಸಿ ಹನ್ನೆರಡು ನಿಮಿಷ ಬುದ್ಧಿ ಹೇಳಿದರು. ಮೂರು ತಿಂಗಳಲ್ಲಿ ಅವರು ಒಂದೇ ಮಾತಾಡಿದ್ದು ಅದೇ ಮೊದಲು. ನೀರು ಇರುವುದು ಚೊಂಬಿನಲ್ಲಿ, ಹೊಲದಲ್ಲಲ್ಲ ಎಂದು ಅಣ್ಣ ಒಪ್ಪಿ ಕೂತ. ನಾನು ಉಸಿರು ಬಿಟ್ಟೆ.

ಬಿಡಬಾರದಿತ್ತು. ಆಲು ಅಂದರೆ ನಮ್ಮ ಕೆಂದಹಸುವಿನದು ಎಂದು ಮುನಿಶಾಮಪ್ಪ ಹೆಮ್ಮೆಯಿಂದ ಹೇಳಿದ.

‘ನಮ್ಮ ಅಂದ್ರೆ ಯಾರ್ದಣ್ಣ?’

ಮೂವರೂ ಕಾಗದ ನೋಡಿದೆವು. ಹೊಲವಿತ್ತು, ಬಾವಿಯಿತ್ತು, ಹುಣಸೆಮರವಿತ್ತು, ತಾಮ್ರದ ಹಂಡೆ, ಒನಕೆ ಕೂಡ ಇತ್ತು. ಹಸು ಇರಲಿಲ್ಲ. ಅದು ತನ್ನದೇ ತಾನೆ, ಹೇಳುವುದೇನು ಎಂದುಕೊಂಡು ಇಬ್ಬರೂ ಬರೆಸಿರಲೇ ಇಲ್ಲ. ಮತ್ತೆ ಇಬ್ಬರೂ ಎದ್ದು ನಿಂತರು. ಹೆಗಲ ಮೇಲಿನ ಟವಲುಗಳು ಕೈಗೆ ಬಂದವು. ನಾನು ಜೀವನಪರ್ಯಂತ ನಕಲಿಗೆ ಸಿದ್ಧನಾದೆ.

ಸರೋಜ ಚೊಂಬು ಎತ್ತಿಕೊಂಡು ಒಳಗೆ ಹೋಗುತ್ತಾ ಅಂದಳು:

‘ಬೆಳಿಗ್ಗೆ ಪಾಲು ದೊಡ್ಡೋರಿಗೆ, ಸಾಯಂಕಾಲ ಪಾಲು ಚಿಕ್ಕೋರಿಗೆ. ಅದಕ್ಕೇನು ಜಗಳ?’

ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡು ಕೂತರು. ನಾನು ಹಾಗೆಯೇ ಬರೆದೆ: ‘ಬೆಳಗಿನ ಹಾಲು ಹಿರಿಯವರ ಪಾಲು, ಸಂಜೆಯ ಹಾಲು ಕಿರಿಯವರ ಪಾಲು.’ ಸಗಣಿ ಯಾರಿಗೆ ಎಂಬುದಕ್ಕೆ ಮಾತ್ರ ಇನ್ನೂ ಮುಕ್ಕಾಲು ಗಂಟೆ ಹಿಡಿಯಿತು.

ಗುರುವಾರ ಎರಡು ಹೆಬ್ಬೆಟ್ಟೂ ಬಿದ್ದವು. ನಮ್ಮ ಹಿರಿಯರು ಪತ್ರ ಓದಿ, ಹಸುವಿನ ಸಾಲಿನ ಬಳಿ ನಿಂತು, ಮೂವತ್ತು ವರ್ಷದಲ್ಲಿ ಇಂಥದು ತಮಗೇ ಹೊಳೆದಿರಲಿಲ್ಲ, ಇನ್ನು ಮುಂದೆ ನೀನೇ ಬರಿ ಎಂದು ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ, ಹೊಳೆದದ್ದು ಯಾರಿಗೆಂದು ಹೇಳಲಿಲ್ಲ.

ರಾತ್ರಿ ಡೈರಿಯಲ್ಲಿ ಎರಡು ಕಾಲಂ ಎಳೆದೆ: ‘ಕೆಲಸ ಮಾಡಿದವರು’, ‘ಕೆಲಸ ಕೆಡಿಸಿದವರು’. ನಾಲ್ಕು ದಿನವಾಯಿತು, ಸರೋಜಳ ಹೆಸರನ್ನು ಯಾವ ಕಾಲಂಗೆ ಹಾಕಲಿ ಎಂದು ಯೋಚಿಸುತ್ತಿದ್ದೇನೆ. ನನ್ನದನ್ನು ಹಾಕುವ ಧೈರ್ಯ ಯಾರಿಗಿದೆ?