ಗಂಗಮ್ಮನ ಒರಳಿನ ಗುಂಡು

ಈ ಮಾತನ್ನು ಇಂದು, ನಾಳೆ ಎಂದು ಮುಂದೂಡುತ್ತಲೇ ಮುದುಕನಾದೆ. ಕೇಳಬೇಕಾಗಿದ್ದವರು ಬದುಕಿರುವವರೆಗೂ ಕಣ್ಣೆದುರಿಗೇ ಇದ್ದರು. ಆಗಲೂ ಹೇಳಲಿಲ್ಲ.

ಬಾಗೂರಿನ ಆಚೆ, ನಮ್ಮ ಹಳ್ಳಿಯ ಹಿಂದಿನ ಗುಡ್ಡದಲ್ಲಿ ಸಣ್ಣದೊಂದು ಜಲಪಾತವಿತ್ತು. ಬೇಸಿಗೆಯಲ್ಲಿ ಅದು ಬರೀ ಕರಿಬಂಡೆ. ಮಳೆ ಹಿಡಿದರೆ ಕಂಬಳಿಯ ಬಿಳಿ ಅಂಚಿನಷ್ಟು ನೀರು ಇಳಿಯುತ್ತಿತ್ತು. ಅದರ ಬುಡದ ಬಂಡೆಯಲ್ಲಿ ಒರಳಿನಂಥ ದುಂಡು ಕುಳಿ, ಕುಳಿಯೊಳಗೆ ತೆಂಗಿನಕಾಯಿ ಗಾತ್ರದ ನುಣುಪಾದ ಗುಂಡು. ನೀರು ಸುತ್ತಿದಾಗ ಗುಂಡೂ ಗುರುಗುರು ಸುತ್ತುತ್ತಿತ್ತು. ಗಂಗಮ್ಮ ರುಬ್ಬುತ್ತಿದ್ದಾಳೆ ಎನ್ನುತ್ತಿದ್ದರು. ಮಧ್ಯಾಹ್ನ ಜಗುಲಿಯಲ್ಲಿ ಮಲಗಿದರೆ ಆ ಸದ್ದು ಗಾಳಿಯಲ್ಲಿ ತೇಲಿ ಬರುತ್ತಿತ್ತು. ಎಲ್ಲಿಗೆ ನೀರು ಮುಗಿದು ಎಲ್ಲಿಂದ ನಿದ್ದೆ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ.

ಊರಿಗೆ ಬಂದ ಹೊಸ ಸೊಸೆ ಮೊದಲ ಮಳೆಗಾಲದಲ್ಲಿ ಆ ಕುಳಿಗೆ ಒಂದು ಹಿಡಿ ಅಕ್ಕಿ ಹಾಕಬೇಕು. ಗುಂಡು ಅದನ್ನು ತಿರುವಿದರೆ ಗಂಗಮ್ಮ ಒಪ್ಪಿದಂತೆ. ಅಲ್ಲಿಯವರೆಗೆ ಸೊಸೆ ಮನೆಯ ಒರಳು ಮುಟ್ಟುವ ಹಾಗಿಲ್ಲ.

ಆ ವರ್ಷ ಅಣ್ಣನ ಮದುವೆಯಾಯಿತು. ಹೆಣ್ಣು ಧರ್ಮಪುರದ ಕಡೆಯವರು. "ಏನಪ್ಪ, ನಿಮ್ಮ ಗಂಗಮ್ಮಗೆ ನಮ್ಮ ಬಯಲುಸೀಮೆ ಕೈ ಹಿಡಿಸ್ತೈತಾ?" ಎಂದು ಆ ಹೊಸ ಸೊಸೆಯೇ ನನ್ನನ್ನು ಕೇಳಿ ನಗುತ್ತಿದ್ದರು.

ನಾನು ಚಿತ್ರದುರ್ಗದ ಹೈಸ್ಕೂಲಿನಿಂದ ಬೇಸಿಗೆ ರಜಕ್ಕೆ ಬಂದಿದ್ದೆ. ಕಲ್ಲುಗಳನ್ನು ಪರೀಕ್ಷಿಸುವ ಅಧಿಕಾರಿಯೊಬ್ಬರು ಮಾವಿನ ತೋಪಿನಲ್ಲಿ ಡೇರೆ ಹಾಕಿದ್ದರು. ಅವರ ಹಿಂದೆಯೇ ಅಲೆದೆ. ಮೇಲಿನ ಬಂಡೆ ಗಟ್ಟಿ, ಕೆಳಗಿನದು ಮೆದು. ಮೆದುವನ್ನು ನೀರು ತಿಂದುಹಾಕಿದ್ದರಿಂದಲೇ ಅಲ್ಲಿ ನೀರು ಧುಮುಕುತ್ತದೆ ಎಂದು ತೋರಿಸಿದರು. ಗುಂಡು ತಿರುಗಿ ತಿರುಗಿ ಕುಳಿಯನ್ನು ಕೊರೆಯುತ್ತದೆ, ಕುಳಿ ಗುಂಡನ್ನು ಸವೆಸುತ್ತದೆ ಎಂದರು. ಗುಡ್ಡವೇ ನಿಧಾನವಾಗಿ ಹರಿಯುತ್ತಿರುವಂತೆ ನನಗೆ ಕಂಡಿತು. ಅವರ ಮೆಚ್ಚುಗೆ ಪಡೆಯಬೇಕೆಂದು, ಒಣಗಿದ್ದ ಕುಳಿಯಿಂದ ಗುಂಡನ್ನು ಎತ್ತಿ ಟವೆಲಿನಲ್ಲಿ ಸುತ್ತಿ ಒಯ್ದೆ.

"ಅಲ್ಲಿದ್ದರೆ ಇದಕ್ಕೆ ಅರ್ಥ. ಇಟ್ಟು ಬಾ," ಎಂದರು.

ನಾಚಿಕೆಯಾಯಿತು. ನಾಳೆ ಇಟ್ಟರಾಯಿತೆಂದು ಹಿತ್ತಿಲ ಹುಲ್ಲಿನ ಬಣವೆಯ ಬುಡಕ್ಕೆ ತುರುಕಿದೆ. ಆ ಸಂಜೆಯೇ ಮಳೆ ಹಿಡಿಯಿತು. ಕುಳಿಯ ಹತ್ತಿರ ಸುಳಿಯಲಾಗದಷ್ಟು ನೀರು.

ರಭಸ ಇಳಿದ ದಿನವೇ ಹೆಂಗಸರು ಹೊರಟರು. ನಾನೂ ಹೋದೆ. ಅಣ್ಣನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಗ್ಗಿ ಅಕ್ಕಿ ಹಾಕಿದರು. ಅಕ್ಕಿ ಮಲ್ಲಿಗೆಯ ಹಾಗೆ ಒಂದು ಸುತ್ತು ಸುತ್ತಿ ಕುಳಿಯ ಅಂಚು ದಾಟಿ ಹರಿದುಹೋಯಿತು. ಗುರುಗುರು ಇಲ್ಲ.

"ಗುಂಡೇ ಇಲ್ಲಲ್ಲೇ!" ಎಂದಳು ನಮ್ಮ ಅಜ್ಜಿ. "ಇವಳ ಕಾಲ್ಗುಣ ನೋಡ್ರೇ, ಗಂಗಮ್ಮನೇ ಎದ್ದು ಹೋಗ್ಯಾಳೆ!"

ತಮಾಷೆಯೆಂದುಕೊಂಡು ಅವರು ನಕ್ಕರು. ಬೇರೆ ಯಾರೂ ನಗಲಿಲ್ಲ. ನನ್ನ ಒಂದು ಮಾತು ಸಾಕಿತ್ತು. ಅಪ್ಪನ ಬಾರುಕೋಲು ನೆನಪಾಗಿ ನಾನು ನೀರನ್ನೇ ನೋಡುತ್ತ ನಿಂತೆ.

ಅಂದಿನಿಂದ ಅವರಿಗೆ ಕೊಟ್ಟಿಗೆ, ನೀರು, ಸಗಣಿ. ಒರಳಿನ ಹತ್ತಿರ ಬಂದರೆ, "ಅತ್ಲಾಗೆ ಸರಿಯೇ," ಎನ್ನುತ್ತಿದ್ದಳು ಅಮ್ಮ.

ದಸರೆಗೆ ಊರಿಗೆ ಬಂದಾಗ ಗುಡ್ಡದ ಕಡೆಯಿಂದ ಮತ್ತೆ ಆ ಸದ್ದು ಕೇಳಿಸಿತು. ಗಂಗಮ್ಮ ಮುನಿಸು ಬಿಟ್ಟಳೆಂದು ಊರು ಹಿಗ್ಗಿತು. ಆದರೆ ಇನ್ನೊಮ್ಮೆ ಅಕ್ಕಿ ಹಾಕೆಂದು ಅವರನ್ನು ಯಾರೂ ಕರೆಯಲಿಲ್ಲ. ನಾನು ಬಣವೆಯ ಬುಡ ತಡಕಿದೆ. ಬರಿದಾಗಿತ್ತು.

ಅವರು ದನಗಳಿಗೆ ಹುಲ್ಲು ಹಿರಿಯುತ್ತ ಅಲ್ಲೇ ಇದ್ದರು. "ಏನಪ್ಪ, ಹಾವು ಐತೇನೋ ಅಂತ ಹೆದರಿಕಂಡೇ ಕೈ ಹಾಕಿದ್ದೆ. ತಣ್ಣಗಿತ್ತು," ಎಂದು ಹುಲ್ಲಿನ ಹೊರೆ ಹೊತ್ತು ಒಳಗೆ ಹೋದರು. ಗುಂಡು ಸಿಕ್ಕಿದ್ದನ್ನಾಗಲಿ, ಕುಳಿಗೆ ಮರಳಿಸಿದ್ದನ್ನಾಗಲಿ ಅವರು ಯಾರಿಗೂ ಹೇಳಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಮನೆಯ ಒರಳು ಅವರ ಕೈಗೆ ಬಂತು. ತಲೆ ಅಷ್ಟರಲ್ಲೇ ಬೆಳ್ಳಗಾಗಿತ್ತು. ಅವರು ರುಬ್ಬುವ ಸದ್ದು ಜಗುಲಿಗೆ ಕೇಳಿಸುತ್ತಿತ್ತು. ಪ್ರತಿ ಸಲವೂ ಎದ್ದು ಒಳಗೆ ಹೋಗಬೇಕೆನ್ನಿಸುತ್ತಿತ್ತು. ಅಷ್ಟರಲ್ಲಿ ಸದ್ದು ನಿಲ್ಲುತ್ತಿತ್ತು, ಅವರೇ ಊಟಕ್ಕೆ ಕರೆಯುತ್ತಿದ್ದರು, ನಾನು ಉಣ್ಣುತ್ತಿದ್ದೆ.

ತಪ್ಪಾಯಿತು, ಅತ್ತಿಗೆ.