ಮೇಲಿನ ಮನೆ ಆಂಟಿ ಸಿಯೋಲ್‌ಗೆ ಹೋದದ್ದು

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದವನ್ನೆಲ್ಲ ಬುಡಕ್ಕೆ ಕತ್ತರಿಸಿ ಅದೊಂದನ್ನು ಬೇಕೆಂದೇ ಬೆಳೆಸಿದ್ದರು. ನ್ಯೂಯಾರ್ಕಿನ ಹತ್ತಿರದ ಎಡಿಸನ್ ಊರಿನ ಇಂಡಿಯನ್ ಅಂಗಡಿಯಲ್ಲಿ ಹುರಿಗಡಲೆ ಪ್ಯಾಕೆಟ್ ಕೈಗೆತ್ತಿಕೊಂಡರೆ ಆ ಉಗುರು ನೇರ ತಾರೀಖಿನ ಸ್ಟಿಕರಿನ ಅಂಚಿಗೆ ಹೋಗುತ್ತಿತ್ತು. ಮೆಲ್ಲಗೆ ಕೆರೆದು, ಅಡಿಯಲ್ಲಿ ಇನ್ನೊಂದು ಸ್ಟಿಕರ್ ಇದೆಯೇ ಎಂದು ನೋಡುವರು. ಇದ್ದರೆ ಅಂಗಡಿಯವನ ಗ್ರಹಚಾರ ಕೆಟ್ಟಿತು. ಇವರನ್ನು ಕಂಡ ಕೂಡಲೇ ಅವನು ಕೌಂಟರಿನಿಂದಲೇ "ಫ್ರೆಶ್ ಸ್ಟಾಕ್ ಆಂಟಿ, ಫ್ರೆಶ್ ಸ್ಟಾಕ್" ಎಂದು ಕೂಗುತ್ತಿದ್ದ. ಹಾಗೆ ಕೂಗಿದ್ದಕ್ಕೇ ಅವರಿಗೆ ಇನ್ನಷ್ಟು ಸಂಶಯ.

ಮಾನ್ಮತ್ ಜಂಕ್ಷನ್ ಎಂಬ ಊರಿನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮೇಲಿನ ಮನೆ ಅವರದು. ಧಾರವಾಡದವರು. ಯಜಮಾನರು ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ತಮ್ಮನೊಬ್ಬ ಬೇರೆ ಊರಿನಲ್ಲಿದ್ದ. ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಮಾತ್ರೆಗಳನ್ನು ಪರೀಕ್ಷಿಸುವ ಕೆಲಸ ಮಾಡಿ ರಿಟೈರ್ ಆಗಿದ್ದರು. "ಲೇಬಲ್ ಏನರೆ ಹೇಳ್ಲಿ ತಂಗಿ, ಒಳಗೇನದ ಅಂತ ಒಡದು ನೋಡಬೇಕು. ನಂಬೂದು ಆಮ್ಯಾಲೆ" ಎನ್ನುತ್ತಿದ್ದರು. ಮನುಷ್ಯರನ್ನೂ ಹಾಗೇ ಒಡೆದು ನೋಡುತ್ತಿದ್ದರು. ನಾನು ಮೈಸೂರಿನವಳು ಎಂದಾಗ ಯಾವ ಬಡಾವಣೆ, ಮನೆ ಪಕ್ಕದಲ್ಲಿ ಏನಿದೆ ಎಂದೆಲ್ಲ ಕೇಳಿ, ವಾರ ಬಿಟ್ಟು ಅದನ್ನೇ ಮತ್ತೆ ಕೇಳಿ ತಾಳೆ ನೋಡಿದ್ದರು. ನಾನು ಪಾಸಾಗಿರಬೇಕು, ಒಂದು ಸಂಜೆ ಬಿಸಿ ಜೋಳದ ರೊಟ್ಟಿ, ಝುಣಕ ಕೆಳಗಿಳಿದು ಬಂತು.

ನನ್ನ ಗಂಡ ನ್ಯೂಯಾರ್ಕಿಗೆ ಟ್ರೇನಿನಲ್ಲಿ ಕಮ್ಯೂಟ್ ಮಾಡುವವನು. ನಾನು ಆಫೀಸಿನಿಂದ ಬರುವಾಗ ಸಂಜೆಯಾಗಿರುತ್ತಿತ್ತು. ಚಿಕ್ಕ ಮಕ್ಕಳನ್ನು ಸ್ಕೂಲ್ ಬಸ್ಸಿನಿಂದ ಇಳಿಸಿಕೊಳ್ಳಲು ದೊಡ್ಡವರು ಯಾರಾದರೂ ನಿಂತಿರಲೇಬೇಕು. ಮಗಳು ಶಾಲೆಗೆ ಸೇರಿದಂದಿನಿಂದ ಅಲ್ಲಿ ನಿಂತವರು ಆಂಟಿ. ಒಮ್ಮೆ ಬದಲಿ ಡ್ರೈವರ್ ಬಂದಾಗ ಬಸ್ಸಿಗೆ ಅಡ್ಡ ನಿಂತು, ಅವನ ಬ್ಯಾಡ್ಜ್ ಇಸಿದುಕೊಂಡು, ಫೋಟೋವನ್ನೂ ಮುಖವನ್ನೂ ಹೋಲಿಸಿ ನೋಡಿದ ಮೇಲೇ ಬಸ್ಸನ್ನು ಮುಂದೆ ಬಿಟ್ಟರಂತೆ. "ಅಮ್ಮಾ, ಅಜ್ಜಿ ವಾಸ್ ಸೋ ಎಂಬರಾಸಿಂಗ್!" ಎಂದು ಮಗಳು ಮುಖ ಮುಚ್ಚಿಕೊಂಡಳು. ನನಗೋ ಎದೆ ಹಗುರವಾಯಿತು. ಲೋಕವನ್ನೆಲ್ಲ ಸಂಶಯಿಸುವವರೊಬ್ಬರು ಮಗಳ ಪಕ್ಕ ನಿಂತಿದ್ದರೆ ನನಗೆ ಇನ್ನೇನು ಬೇಕಿತ್ತು?

ಅಂಥವರು ಶಾಲೆಗೆ ಸ್ಪ್ರಿಂಗ್ ಬ್ರೇಕಿನ ರಜೆ ಬರುವ ಮುಂಚೆ ಒಂದು ದಿನ, "ಬ್ರೇಕ್‌ದಾಗ ನಾ ಒಬ್ಬಾಕಿನ ಸಿಯೋಲ್‌ಗೆ ಹೊಂಟೀನಿ. ಬೆನ್ನಿಗೊಂದು ಬ್ಯಾಗ್, ಅಷ್ಟ" ಎಂದರು.

"ಯಾವ ಟೂರ್ ಗ್ರೂಪ್ ಆಂಟಿ?"

"ಗ್ರೂಪ್ ಯಾಕ ಬೇಕು? ಹಾಸ್ಟೆಲ್‌ದಾಗ ಇರತೀನಿ."

"ಅಲ್ಲಿ ಯಾರಿದ್ದಾರೆ ನಿಮಗೆ?"

"ಯಾರೂ ಇಲ್ಲ. ಅದಕ್ಕ ಹೊಂಟೀನಿ."

ಅಪಾರ್ಟ್‌ಮೆಂಟಿನಲ್ಲಿ ಗುಸುಗುಸು ಶುರುವಾಯಿತು. ಮುಖದ ಸುಕ್ಕು ತೆಗೆಸಲು ಎಂದರು ಒಬ್ಬರು. ಕೊರಿಯನ್ ಸೀರಿಯಲ್ಲಿನ ಹುಚ್ಚು ಎಂದರು ಇನ್ನೊಬ್ಬರು. ಮತ್ತೊಬ್ಬರು ದನಿ ತಗ್ಗಿಸಿ, "ಯಾರೋ ಇರ್ಬೇಕು ಕಣ್ರೀ" ಎಂದರು. ನಾನು ನಕ್ಕೆನಾದರೂ ಒಳಗೆ ಹುಳ ಕೊರೆಯುತ್ತಿತ್ತು. ವಿಮಾನದ ವೆಜಿಟೇರಿಯನ್ ಊಟವನ್ನೂ ಮೂಸಿ ನೋಡಿ ವಾಪಸ್ ಕೊಡುವ ಹೆಂಗಸು, ಭಾಷೆ ಬಾರದ ಮಹಾನಗರದಲ್ಲಿ ಒಬ್ಬರೇ ಏನು ಮಾಡುತ್ತಾರೆ? ಯಾವುದೋ ಕಾಯಿಲೆ ಇರಬೇಕು, ಗುಟ್ಟಾಗಿ ಚಿಕಿತ್ಸೆಗೆ ಹೋಗುತ್ತಿದ್ದಾರೆ ಎಂದು ನಾನೇ ತೀರ್ಮಾನಿಸಿದೆ. ಏರ್‌ಪೋರ್ಟಿಗೆ ಬಿಡಲು ಹೊರಟ ದಿನ ಬ್ಯಾಗನ್ನು ಡಿಕ್ಕಿಯಲ್ಲಿಡುವ ನೆಪದಲ್ಲಿ ಜಿಪ್ ಎಳೆದು ಕೈಯಾಡಿಸಿದೆ. ಆಸ್ಪತ್ರೆಯ ಫೈಲಾಗಲಿ ಸ್ಕ್ಯಾನಾಗಲಿ ಸಿಗಲಿಲ್ಲ. ಸಿಕ್ಕಿದ್ದು ಹಚ್ಚಿದ ಅವಲಕ್ಕಿ, ಶೇಂಗಾ ಚಟ್ನಿಪುಡಿ, ಮತ್ತೆ ನಮ್ಮ ರೈಲುಗಳಲ್ಲಿ ಸೀಟಿನ ಕೆಳಗೆ ಸೂಟ್‌ಕೇಸ್ ಕಟ್ಟಿಹಾಕುತ್ತೇವಲ್ಲ, ಆ ಕಬ್ಬಿಣದ ಸರಪಳಿ.

"ಏನ್ ಹುಡಕ್ತೀ?" ಎಂದರು ಹಿಂದಿನಿಂದ. ಸಿಟ್ಟಾಗಿರಲಿಲ್ಲ. ನನ್ನ ಮೇಲೆ ಅವರಿಗೆ ಕೊಂಚ ಹೆಮ್ಮೆ ಮೂಡಿದಂತಿತ್ತು.

ಅಲ್ಲಿಂದ ದಿನವೂ ಮೆಸೇಜ್ ಬರುತ್ತಿತ್ತು. "ಸಾರಿನಾಗ ಮೀನ ಅದ. ಇಲ್ಲಂತಾರ." "ಸಬ್‌ವೇದಾಗ ಯಾರೂ ನೂಕೂದಿಲ್ಲ. ಯಾಕೋ ತಿಳೀವಲ್ದು." "ಇಲ್ಲಿ ಮಂದಿ ಫೋನು, ಲ್ಯಾಪ್‌ಟಾಪು ಟೇಬಲ್ ಮ್ಯಾಲೆ ಬಿಟ್ಟು ಕಾಫಿ ತರಲಿಕ್ಕೆ ಹೋಗ್ತಾರ. ಏನೋ ಮಸಲತ್ತು ಇರಬೇಕು." ಆಮೇಲೆ ಮೆಸೇಜುಗಳು ನಿಂತವು. ಫೋನ್ ಮಾಡಿದರೆ, "ಅರಾಮ ಇದ್ದೀನಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಹಿಂತಿರುಗಿದ ಮರುದಿನ ಕೆಳಗೆ ಬಂದು ನಮ್ಮ ಅಡುಗೆಮನೆಯಲ್ಲಿ ಕೂತರು.

"ಅಂಥಾದ ಒಂದು ಕೆಫೆದಾಗ ನಾನೂ ಕೂತೆ. ಬ್ಯಾಗಿಗೆ ಸರಪಳಿ ಹಾಕಿ ಮೇಜಿನ ಕಾಲಿಗೆ ಕಟ್ಟಿದೆ, ಕೀಲಿ ಹಾಕಿದೆ. ಚಹಾ ಕುಡದೆ. ಎದ್ದು ಹೋದೆ."

"ಬ್ಯಾಗು?"

"ಅಲ್ಲೇ. ಮಧ್ಯಾಹ್ನ ಪೂರಾ ಅಡ್ಡಾಡಿದೆ. ಕೊರಳಾಗ ಕೀಲಿಕೈ ಇತ್ತು. ಇದು ಯಾವುದರದು ಅಂತ ನೋಡಿಕೋತ ನಿಂತೆ. ತಿಳೀಲಿಲ್ಲ ತಂಗಿ."

ಹಸಿವಾಗಿ ಅವಲಕ್ಕಿ ನೆನಪಾದಾಗಲೇ ಬ್ಯಾಗ್ ನೆನಪಾದದ್ದು. ಯಾವ ಕೆಫೆ ಎಂಬುದು ಆಗಲೂ ಹೊಳೆಯಲಿಲ್ಲ. ಜೇಬಿನಲ್ಲಿದ್ದ ಚಹಾದ ಬಿಲ್ ನೋಡಿ ಪೊಲೀಸಿನವನೊಬ್ಬ ಕರೆದುಕೊಂಡು ಹೋದನಂತೆ. ಬ್ಯಾಗ್ ಇಟ್ಟಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ.

ನಾನು ಬೆಪ್ಪುತಕ್ಕಡಿಯಂತೆ, "ನೋಡಿದ್ರಾ ಆಂಟಿ, ಎಷ್ಟು ಒಳ್ಳೆ ಜನ! ಇನ್ನಾದ್ರೂ ಮನುಷ್ಯರನ್ನ ನಂಬಿ" ಎಂದೆ.

"ಮಂದೀನ್ನ ಪರೀಕ್ಷಾ ಮಾಡ್ಲಿಕ್ಕೆ ನಾ ಹೋಗಿದ್ದಿಲ್ಲ. ನನ್ನ ನಾ ಮಾಡಿಕೊಳ್ಳಿಕ್ಕೆ ಹೋಗಿದ್ದೆ."

ಚಳಿಗಾಲದಿಂದಲೇ ಅವರಿಗೆ ತಮ್ಮ ಮೇಲೆ ಗುಮಾನಿ ಹುಟ್ಟಿತ್ತು. ಆರಿಸಲು ಮರೆತ ಒಲೆ ಉರಿಯುತ್ತಲೇ ಇರುತ್ತಿತ್ತು. ಲೈಬ್ರರಿಯಿಂದ ಡ್ರೈವ್ ಮಾಡಿಕೊಂಡು ಬರುವಾಗ ಒಮ್ಮೆ ನಮ್ಮ ತಿರುವನ್ನೇ ದಾಟಿ ಹೋಗಿದ್ದರು. ಇಲ್ಲಿಯದೆಲ್ಲ ರೂಢಿಯಾದ ದಾರಿ, ತಲೆ ಕೆಟ್ಟಿದ್ದರೂ ಕಾಲು ಮನೆಗೆ ತಂದು ಬಿಡುತ್ತದೆ ಎನ್ನುವುದು ಅವರ ಲೆಕ್ಕ. ಅದಕ್ಕೇ ಅಕ್ಷರ ಬಾರದ, ಗುರುತಿನವರಿಲ್ಲದ ಊರನ್ನು ಆರಿಸಿಕೊಂಡಿದ್ದರು. ಕೇಳಿದ್ದನ್ನೇ ಕೇಳುತ್ತಿದ್ದುದನ್ನು ನಾನು ಕೂಡ ಗಮನಿಸಿದ್ದೆ. ತಾಳೆ ನೋಡುವ ಹಳೇ ಚಾಳಿ ಎಂದುಕೊಂಡು ಸುಮ್ಮನಿದ್ದೆ.

"ಬ್ರೇಕ್ ಮುಗದ ಮ್ಯಾಲೆ ಕೂಸಿನ್ನ ನನ್ನ ಕೈಯಾಗ ಕೊಡಬ್ಯಾಡ" ಎಂದರು.

"ಡಾಕ್ಟರ್ ಏನಂತಾರೋ ನೋಡೋಣ ಆಂಟಿ, ಅಲ್ಲಿವರೆಗೆ..."

"ಪೂರ್ತಿ ಕೇಳು. ಮುಂದ ನಾನ ಬಂದು ಕೇಳ್ತೀನಿ. ಅಳ್ತೀನಿ, ಜಗಳಾ ತಗೀತೀನಿ. ಅವಾಗ ನನ್ನ ನಂಬಬ್ಯಾಡ. ಹೂಂ ಅನ್ನು."

ಹೂಂ ಎಂದೆ. ನನಗೆ ಅಳು ಬಂತು. ಅವರು ಅಳಲಿಲ್ಲ. ಕಾರು ಓಡಿಸುವುದನ್ನು ಅಂದೇ ಬಿಟ್ಟರು. ಡಾಕ್ಟರು ಹೇಳಿದ್ದೂ ಬೇರೇನಲ್ಲ, ಮರೆವಿನ ಕಾಯಿಲೆಯ ಆರಂಭ ಎಂದರು. ನಾನು ಮನೆಯಿಂದಲೇ ಕೆಲಸ ಮಾಡಲು ಆಫೀಸಿನಲ್ಲಿ ಗೋಗರೆದು ಒಪ್ಪಿಸಿದೆ.

ಮುಂದಿನ ವರ್ಷ, ಎಲೆ ಉದುರುವ ಕಾಲದಲ್ಲಿ ಒಂದು ಮಧ್ಯಾಹ್ನ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಮನೆಯ ಚಪ್ಪಲಿಯಲ್ಲೇ ಆಂಟಿ ಬಂದರು. ಬಸ್ ಬಂತು, ಮಗಳು ಇಳಿದಳು. "ಬಾ ಬಂಗಾರಿ, ಹೋಗೂಣು" ಎಂದು ಕೈ ಚಾಚಿದರು. ಮಗಳು ಅವರತ್ತ ಹೆಜ್ಜೆಯಿಟ್ಟಳು. ನಾನು ಅವಳ ಭುಜ ಹಿಡಿದೆ.

"ಬೇಡ ಆಂಟಿ."

"ಯಾಕ? ಇಷ್ಟು ವರ್ಷ ನಾನ ಇಳಿಸಿಕೊಂಡೀನಿ. ನಿನಗ ನನ್ನ ಮ್ಯಾಲೆ ಸಂಶಯ ಏನು?"

ನೀವೇ ಹೇಳಿದ್ದಲ್ಲವೇ ಎನ್ನಲು ಬಾಯಿ ತೆರೆದೆ. ಆ ಮುಖದಲ್ಲಿ ಅದರ ನೆನಪಿನ ಸುಳಿವೇ ಇರಲಿಲ್ಲ.

"ಹೌದು ಆಂಟಿ" ಎಂದೆ.

ಉಳಿದ ತಾಯಂದಿರೆಲ್ಲ ನೋಡುತ್ತಿದ್ದಂತೆ ಅವರು ಗಟ್ಟಿಯಾಗಿ ಅತ್ತರು. ಎಂಥ ಕಲ್ಲುಮನಸ್ಸಿನವಳು ಎಂದು ನನ್ನನ್ನು ಬೈದರು. ಮಗಳೂ ಅತ್ತಳು. ನಾನು ಕೈ ಸಡಿಲಿಸಲಿಲ್ಲ.

ಅಂದಿನಿಂದ ನನ್ನೊಡನೆ ಮಾತು ಬಿಟ್ಟರು. ಅವರ ತಮ್ಮ ಅವರನ್ನು ವುಡ್‌ಬ್ರಿಡ್ಜಿನ ಕಡೆ ಆರೈಕೆಯ ಮನೆಯೊಂದಕ್ಕೆ ಸೇರಿಸಿದ ಮೇಲೂ, ನಾನು ಹೋದರೆ ಗೋಡೆಯ ಕಡೆ ಹೊರಳುತ್ತಿದ್ದರು. ಧಾರವಾಡ ಮರೆತರು, ಯಜಮಾನರ ಹೆಸರು ಮರೆತರು, ನನ್ನ ಮೇಲಿನ ಮುನಿಸನ್ನು ಮಾತ್ರ ಮರೆಯಲಿಲ್ಲ. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅವರಿಗೆ ಕೊಟ್ಟ ಮಾತನ್ನೇ ನಾನು ನಡೆಸಿದ್ದು ಎಂದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ.